ಮೊದಲು ಬಂದ ಮಿಸ್ತ್ರಿ

ಟಿಕ್ ಟಿಕ್ ಟಿಕ್ ಟಿಕ್... ಫ್ರೀವ್ಹೀಲ್ ತಿರುಗುವ ಆ ಸದ್ದು. ಮಾಳಮಡ್ಡಿಯ ನಮ್ಮ ಮನೆಯೆದುರಿನ ಸೈಕಲ್ ಅಂಗಡಿಯ ಮಿಸ್ತ್ರಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಹಿಂದಿನ ಗಾಲಿಯನ್ನು ಜೋರಾಗಿ ಬೀಸಿ, ಕಣ್ಣು ಮುಚ್ಚಿ ಎಡಗಿವಿಯನ್ನು ಅದರ ಹತ್ತಿರ ಒಯ್ಯುತ್ತಿದ್ದರು. ಗಡ್ಡ ಎಲ್ಲಿ ಸ್ಪೋಕಿಗೆ ಸಿಕ್ಕೀತೋ ಎಂದು ನನಗೆ ಹೆದರಿಕೆ. ಅವರು ಸ್ಟೆಥಸ್ಕೋಪ್ ಹಚ್ಚಿದ ಡಾಕ್ಟರರ ಹಾಗೆ ಕೇಳಿ, "ಒಂದು ಹಲ್ಲು ಸವದೈತ್ರಿ ಬಾಯಾರ" ಎನ್ನುತ್ತಿದ್ದರು. ಬಿಚ್ಚಿದರೆ ನಿಜವಾಗಿಯೂ ಸವೆದಿರುತ್ತಿತ್ತು.

ನಾನು ಕಾನ್ವೆಂಟಿನಲ್ಲಿ ಕಲಿತು, ಅದೇ ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು, ಓಣಿಯವರಿಗೆಲ್ಲ ‘ಬಾಯಾರು’. ಮಿಸ್ತ್ರಿಗೆ ಕನ್ನಡ, ಉರ್ದು ಎರಡೂ ಓದಲು ಬರುತ್ತಿತ್ತು. ಇಂಗ್ಲಿಷ್ ಕಾಗದ ಬಂತೆಂದರೆ ಮಾತ್ರ ಕೈಯ ಗ್ರೀಸು ತಾಗದಂತೆ ಹಳೆಯ ಪೇಪರಿನಲ್ಲಿ ಹಿಡಿದುಕೊಂಡು ನಮ್ಮ ಗೇಟಿಗೆ ಬರುವರು. ನಾನು ಓದಿ ಹೇಳಿದ್ದೇ ಫೈನಲ್.

ವಿದ್ಯಾನಗರದಿಂದ ತುಟ್ಟಿ ಸೈಕಲ್ ರಿಪೇರಿಗೆ ತರುತ್ತಿದ್ದ ಡಾಕ್ಟರರೊಬ್ಬರು ಅವರಿಗೆ ಟ್ರಯಾಥ್ಲಾನಿನ ಹುಚ್ಚು ಹಿಡಿಸಿದರು. ರಿಪೇರಿಯಾದ ಸೈಕಲ್ಲನ್ನು ಟೆಸ್ಟ್ ಮಾಡಲೆಂದು ಹತ್ತಿದ ಮಿಸ್ತ್ರಿ, ಹುಬ್ಬಳ್ಳಿ ರಸ್ತೆಯಲ್ಲಿ ಅದರ ಮಾಲೀಕರ ಗೆಳೆಯರನ್ನೆಲ್ಲ ಹಿಂದೆ ಹಾಕಿದ್ದರಂತೆ. ಈಜು ಹಳ್ಳಿಯ ಬಾವಿಯಲ್ಲಿ ಕಲಿತದ್ದು. ಓಟ, ಬೆಳಗಿನ ನಮಾಜಿನ ನಂತರದ್ದು. ವಯಸ್ಸು ಆಗಲೇ ನಲವತ್ತು ದಾಟಿತ್ತು.

"ಏನ್ ಆಟ ಮಿಸ್ತ್ರಿ ಇದು?" ಎಂದು ಕೇಳಿದ್ದೆ.

"ನೀರಾಗ ತೊಯ್ಸಿಕೊಂಡು, ಗಾಲಿ ಮ್ಯಾಲೆ ಒಣಗಿ, ಕಾಲಿಲೆ ಮನಿ ಮುಟ್ಟೋದು ನೋಡ್ರಿ. ಬ್ಯಾರೆ ಏನಿಲ್ಲ."

ಮೂರು ಗುಜರಿ ಸೈಕಲ್ಲುಗಳನ್ನು ಕೂಡಿಸಿ ತಮಗೊಂದು ಕಟ್ಟಿಕೊಂಡಿದ್ದರು. "ಮೂರು ಮಂದಿ ತಾಯಂದಿರ ಮಗಾರೀ ಇದು, ಭಾಳ ಹಟಮಾರಿ" ಎಂದು ಅದರ ಸೀಟು ತಟ್ಟುವರು.

ಆ ವರ್ಷ ನಮ್ಮೂರಲ್ಲೇ ರೇಸ್ ಇತ್ತು. ಮೊದಲು ಬಂದವರಿಗೆ ಐವತ್ತು ಸಾವಿರ. ಅದನ್ನು ಕೇಳಿದ ದಿನವೇ ಮಿಸ್ತ್ರಿ ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಹೋಗಿ, ಮುಚ್ಚುತ್ತಿದ್ದ ಒಂದು ವರ್ಕ್‌ಶಾಪಿನ ಕಬ್ಬಿಣ ಕಡೆಯುವ ಸಣ್ಣ ಲೇತ್ ಮಶೀನನ್ನು ಕೊಳ್ಳುವುದಾಗಿ ಮಾತು ಕೊಟ್ಟು ಬಂದರು. ಪ್ರತಿ ಆ್ಯಕ್ಸಲ್ಲಿಗೂ ಇನ್ನೊಬ್ಬರ ಲೇತಿನ ಮುಂದೆ ಕಾಯುವುದು ಅವರಿಗೆ ಸಾಕಾಗಿತ್ತು.

ರೇಸ್ ನಡೆಸುತ್ತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ಮಿಸ್ತ್ರಿ ತಂದುಕೊಟ್ಟ ಫಾರ್ಮಿನಲ್ಲಿ ಪ್ರೊಫೆಷನಲ್, ಹವ್ಯಾಸಿಗಳಿಗೆ ಅಮೆಚೂರ್ ಎಂದು ಎರಡು ಚೌಕ. ಫೋನ್ ಮಾಡಿ ಕೇಳಿದೆ. "ಅಮೆಚೂರ್ ಹಾಕ್ರಿ ಮಿಸ್, ಫೀ ಕಡಿಮಿ. ಯಾರು ಮೊದಲು ಬರ್ತಾರ, ಪ್ರೈಜ್ ಅವರದಽ" ಎಂದಳು. ಅಮೆಚೂರ್ ಎಂಬ ಆ ಮಾತು ನನಗೂ ಹಿಡಿಸಿತು. ನಮ್ಮ ಸಿಸ್ಟರ್‌ಗಳು ಕಲಿಸಿದ್ದೂ ಅದನ್ನೇ ಅಲ್ಲವೇ, ಆಟ ಆಟಕ್ಕಾಗಿ ಆಡಬೇಕು ಅಂತ. ಟಿಕ್ ಹಾಕಿದೆ. ಹಿಂದಿನ ಪುಟದ ಕೆಳಗೆ ಸಾಕ್ಷಿಯ ಸಹಿ ಬೇಕಿತ್ತು, ಅದನ್ನೂ ಮಾಡಿದೆ. ಸಹಿಯ ಮೇಲಿದ್ದ ಸಣ್ಣಕ್ಷರಗಳನ್ನು ಓದಲಿಲ್ಲ. ನನ್ನ ಹುಡುಗಿ ಹೇಳಿದ್ದಾಳಲ್ಲ, ಮತ್ತೇನು ಓದುವುದು?

ರೇಸಿನ ದಿನ ಪ್ರೊಫೆಷನಲ್ಲುಗಳು ಹತ್ತು ನಿಮಿಷ ಮುಂಚೆ ಕೆರೆಗೆ ಇಳಿದರು. ಮಿಸ್ತ್ರಿ ನೂರಾರು ಅಮೆಚೂರುಗಳ ಗುಂಪಿನಲ್ಲಿ ಇಳಿದರು. ಕೊನೆಗೆ ಗಡಿಯಾರದ ಲೆಕ್ಕದಲ್ಲಿ ಎಲ್ಲರಿಗಿಂತ ಕಡಿಮೆ ಸಮಯ ಮಿಸ್ತ್ರಿಯದೇ. ಜನ ಅವರನ್ನು ಎತ್ತಿ ಕುಣಿಸಿದರು. ನಾನೂ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ಹೊಡೆದೆ. ಚೆಕ್ಕು ಮಾತ್ರ ಇನ್ನೊಬ್ಬನ ಕೈಗೆ ಹೋಯಿತು. ಮಿಸ್ತ್ರಿಗೆ ಸಿಕ್ಕಿದ್ದು ಮೆಡಲ್.

"ರೊಕ್ಕ ಪ್ರೊಫೆಷನಲ್ಸ್‌ಗೆ ಅಷ್ಟ ರೀ" ಎಂದಳು ನನ್ನ ವಿದ್ಯಾರ್ಥಿನಿ. "ಅವರು ಒಬ್ಬರನ್ನೊಬ್ಬರು ನೋಡಿಕೊಂತ ಓಡ್ಯಾರ. ಹಿಂದಿನ ಗುಂಪಿನ್ಯಾಗ ಇಂಥವರೊಬ್ಬರು ಬರಾಕತ್ತಾರಂತ ಅವರಿಗೆ ಹೆಂಗ ಗೊತ್ತಾಗಬೇಕು? ಗೊತ್ತಿದ್ದರ ಇನ್ನೂ ಜೋರ್ ಓಡ್ತಿದ್ರು."

"ಅವರಿಗೆ ರಸ್ತಾ ಖಾಲಿ ಇತ್ತವಾ. ನಾನು ಮಂದ್ಯಾಗ ದಾರಿ ಮಾಡಿಕೊಂಡು ಬಂದೇನಿ" ಎಂದರು ಮಿಸ್ತ್ರಿ.

ಇಬ್ಬರದೂ ಸುಳ್ಳಲ್ಲ. ನಾನು ನಡುವೆ ಹೋಗಿ, "ನೀನಽ ಹೇಳಿದ್ದಿಲ್ಲೇನು ಫೋನಿನ್ಯಾಗ?" ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. "ನಾನು ಹಂಗಂದ ನೆನಪಿಲ್ಲ ಮಿಸ್. ರೂಲ್ಸ್ ಹಿಂದಿನ ಪೇಜಿನ್ಯಾಗ ಅದಾವಲ್ಲ. ಇನ್‌ಸ್ಟ್ರಕ್ಷನ್ಸ್ ಮೊದಲು ಓದ್ರಿ ಅಂತ ನೀವಽ ನಮಗ ಕಲಿಸೀರಿ."

ಸುತ್ತಲಿದ್ದವರು ನಕ್ಕರು. ಇಷ್ಟು ವರ್ಷದ ಮಾಸ್ತರಿಕೆ ನನ್ನ ಕೆನ್ನೆಗೇ ಬಂದು ಬಡಿದಂತಾಯಿತು. ಆಗ ಮಿಸ್ತ್ರಿ ನನ್ನ ಕಡೆ ತಿರುಗಿ, "ನೀವು ಓದಿದ್ರೆಲ್ಲ ಬಾಯಾರ?" ಎಂದು ಕೇಳಿದರು.

"ಪೂರಾ ಓದೇನಿ. ಆ ಪೇಜು ಆಗ ಇರಲಿಲ್ಲ. ಆಮ್ಯಾಲೆ ಸೇರಿಸ್ಯಾರ" ಎಂದೆ.

ಅಷ್ಟು ಸಾಕಾಯಿತು. ಎಂದೂ ದನಿ ಏರಿಸದ ಮನುಷ್ಯ ಟೇಬಲ್ ಗುದ್ದಿ ಕೂಗಿದರು. "ಕಳ್ಳರದೀರಿ ನೀವು! ನಮ್ಮ ಬಾಯಾರು ಸುಳ್ಳು ಹೇಳಾಂಗಿಲ್ಲ!"

ನನ್ನ ವಿದ್ಯಾರ್ಥಿನಿ ಕಣ್ಣೀರು ತುಂಬಿಕೊಂಡೇ ಫೈಲಿನಿಂದ ಅವರ ಫಾರ್ಮು ತೆಗೆದು, ತಿರುವಿ ಟೇಬಲ್ಲಿನ ಮೇಲಿಟ್ಟಳು. ಸಣ್ಣಕ್ಷರದ ರೂಲ್ಸು, ಅದರ ಕೆಳಗೇ ನನ್ನ ಸಹಿ. ಉದ್ದ ಬಾಲದ, ಕಾನ್ವೆಂಟಿನ ಕರ್ಸಿವ್. ಎಷ್ಟೋ ಅರ್ಜಿಗಳ ಮೇಲೆ ಅದನ್ನು ನೋಡಿದ್ದ ಮಿಸ್ತ್ರಿಗೆ ಗುರುತು ಹಿಡಿಯಲು ಇಂಗ್ಲಿಷ್ ಬೇಕಿರಲಿಲ್ಲ. ಅವರು ಅದರ ಮೇಲೆ ಬೆರಳಿಟ್ಟರು. ಮೆಡಲನ್ನು ಜೇಬಿಗೆ ಹಾಕಿಕೊಂಡು, ಸೈಕಲ್ ಹತ್ತದೆ ತಳ್ಳಿಕೊಂಡು ಹೋದರು.

ಮೋಸ ಹೋದವಳು ನಾನು ಎಂದು ಎಷ್ಟೋ ದಿನ ಅವಳ ಮೇಲೆ ಕುದಿದೆ. ಮಿಸ್ತ್ರಿಗೆ ಮೋಸ ಮಾಡಿದವಳು ಯಾರೆಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಲೇತ್ ಬೇರೆಯವರ ಪಾಲಾಯಿತು. ಎರಡು ತಿಂಗಳಲ್ಲಿ ಮಿಸ್ತ್ರಿ ಅಂಗಡಿಯನ್ನು ಹುಬ್ಬಳ್ಳಿಗೆ ಒಯ್ದರು. ಆಮೇಲೆ ಹೆಚ್ಚು ಕಾಲ ಬದುಕಲಿಲ್ಲ. ಎದೆನೋವಂತೆ, ಸುದ್ದಿ ನನಗೆ ತಡವಾಗಿ ತಿಳಿಯಿತು.

ನಡುವೆ ಒಂದೇ ಸಲ ನೋಡಿದ್ದು, ಮರುವರ್ಷದ ರೇಸಿನ ದಿನ. ಆ ಸಲ ಅವರು ಪ್ರೊಫೆಷನಲ್ಲುಗಳ ಸಾಲಿನಲ್ಲೇ, ತಮ್ಮ ಅರ್ಧ ವಯಸ್ಸಿನ ಹುಡುಗರ ನಡುವೆ ನಿಂತಿದ್ದರು. ಐದನೆಯವರಾಗಿ ಬಂದರು, ಐದನೆಯವರಿಗೆ ಏನೂ ಇರಲಿಲ್ಲ. ನೆರಳಿನಲ್ಲಿ ಕೂತು ಶೂ ಬಿಚ್ಚುತ್ತಿದ್ದವರ ಹತ್ತಿರ ಹೋಗಿ ಹೇಳಿದೆ. "ಆ ಪೇಜು ಆಗಲೂ ಇತ್ತು ಮಿಸ್ತ್ರಿ. ನಾನಽ ಓದಲಿಲ್ಲ."

"ಗೊತ್ತೈತ್ರಿ." ತಲೆ ಎತ್ತಲಿಲ್ಲ. "ಓದಲಿಲ್ಲ, ಹೋಗ್ಲಿ ಬಿಡ್ರಿ. ಲೇತ್ ಹೋತು, ಅದೂ ಹೋಗ್ಲಿ. ನಿಮ್ಮ ಮಾತು ಹಿಡಕೊಂಡು ನಾನು ಆ ಹೆಣ್ಣುಮಗಳಿಗೆ ಕಳ್ಳಿ ಅಂದ್ನೆಲ್ರಿ..."

ಅವರೇ ಎದ್ದು ಬರಿಗಾಲಲ್ಲಿ ರಸ್ತೆಯವರೆಗೆ ಬಂದು ಆಟೋ ನಿಲ್ಲಿಸಿ, "ಬಾಯಾರನ್ನ ಮಾಳಮಡ್ಡೀಗೆ ಸಾವಕಾಶ ಕರಕೊಂಡು ಹೋಗಪಾ" ಎಂದರು.

ಆಟೋ ತಿರುಗುವಾಗ ಹಿಂದೆ ನೋಡಿದೆ. ಮಿಸ್ತ್ರಿ ನನ್ನ ವಿದ್ಯಾರ್ಥಿನಿಯ ಟೇಬಲ್ಲಿನ ಮುಂದೆ, ಎದೆಯ ಮೇಲೆ ಕೈಯಿಟ್ಟು, ತಲೆ ಬಗ್ಗಿಸಿ ಏನೋ ಹೇಳುತ್ತಿದ್ದರು. ಅವಳು ಕುರ್ಚಿಯಿಂದ ಎದ್ದು ನಿಂತಳು.