ಕರುಣಮ್ಮಜ್ಜಿಯ ಆಟೋ ಮೆರವಣಿಗೆ

ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ನನ್ನ ಅಜ್ಜಿ ಕರುಣಮ್ಮ ಹೊಲಿದ ರವಿಕೆ ತೊಡದ ಹೆಂಗಸರೂ ಇರಲಿಲ್ಲ, ಅವಳ ಕೀರ್ತನೆ ಬೀಳದ ಕಿವಿಯೂ ಇರಲಿಲ್ಲ. ಯಾಕೆಂದರೆ ಅಜ್ಜಿ ಹೊಲಿಗೆ ಮಿಷನ್ ತುಳಿಯುತ್ತ, ಇಡೀ ರಸ್ತೆಗೆ ಕೇಳುವಂತೆ ಯೇಸುವನ್ನು ಹಾಡಿ ಹೊಗಳುತ್ತಿದ್ದಳು, ಹೊಲಿಗೆ ಹೋದಷ್ಟು ನೇರವಾಗಿ ಶ್ರುತಿ ಮಾತ್ರ ಎಂದೂ ಹೋಗುತ್ತಿರಲಿಲ್ಲ. ಕರೆಂಟು ಬಂದರೆ ದೇವರಿಗೆ ಸ್ತೋತ್ರ, ಹೋದರೂ ಸ್ತೋತ್ರ, ಕಣ್ಣಿಗೆ ರೆಸ್ಟ್ ಸಿಕ್ಕಿತಲ್ಲ ಎಂದು. ಹೋದ ನವೆಂಬರಿನಲ್ಲಿ ಅಜ್ಜಿ ತೀರಿಕೊಂಡಳು. ಆದರೂ ಅವಳ ಹೆಸರು ಎತ್ತಿದರೆ ನಮಗೆಲ್ಲ ಮೊದಲು ಬರುವುದು ನಗು, ಅದಕ್ಕೆ ಕಾರಣ ಅವಳ ಕೊನೆಯ ಗರಿಗಳ ಭಾನುವಾರ.

ಈಸ್ಟರಿಗೆ ಮುಂಚಿನ ಆ ಭಾನುವಾರ, ಯೇಸು ಕತ್ತೆಯ ಮೇಲೆ ಕುಳಿತು ಜೆರುಸಲೇಮಿಗೆ ಬಂದದ್ದರ ನೆನಪಿಗೆ, ನಮ್ಮ ಚರ್ಚಿನವರು ತೆಂಗಿನ ಎಳೆಗರಿ ಹಿಡಿದು ಹೊಸನ್ನ ಎಂಬ ಜಯಕಾರ ಹಾಡುತ್ತ ಬೀದಿ ಸುತ್ತಿ ಬರುತ್ತಾರೆ. ಅಜ್ಜಿ ನಡೆಯಲು ಕಲಿತಾಗಿನಿಂದ ಅದನ್ನು ತಪ್ಪಿಸಿರಲಿಲ್ಲ. ಆ ವರ್ಷ ಮಂಡಿ ಊದಿಕೊಂಡಿತ್ತು, ಡಾಕ್ಟರು ನಡಿಗೆಯೇ ಬೇಡ ಎಂದಿದ್ದರು. ವಿಡಿಯೋ ಮಾಡಿ ತೋರಿಸುತ್ತೇನೆಂದು ಅಮ್ಮ ಸಮಾಧಾನ ಹೇಳಿದಳು. ಅಜ್ಜಿ ಅವತ್ತು ಸಂಜೆಯವರೆಗೂ ಹಾಡಲಿಲ್ಲ. ನಮ್ಮ ಮನೆಯಲ್ಲಿ ಅದು ಆಂಬುಲೆನ್ಸ್ ಕರೆಸುವ ಮಟ್ಟದ ಸುದ್ದಿ. ಕೊನೆಗೆ ಉಪಾಯ ಹುಡುಕಿದವಳೂ ಅವಳೇ.

"ಯೇಸುಸ್ವಾಮಿನೂ ಆವತ್ತು ನಡ್ಕೊಂಡ್ ಹೋಗ್ಲಿಲ್ಲ ಕಣೆ. ಶೀನಂಗೆ ಫೋನ್ ಮಾಡು."

ಶೀನಣ್ಣ ಎದುರುಮನೆಯ ಆಟೋ ಡ್ರೈವರ್. ನಾನು ಫೋನಿನಲ್ಲಿ, ಹಬ್ಬದ ಮೆರವಣಿಗೆ, ಆಟೋ ಸ್ವಲ್ಪ ನೀಟಾಗಿರಲಿ ಎಂದೆ, ಅಷ್ಟೇ. ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಆಟೋ ಆಯುಧಪೂಜೆಗೆ ಸಿದ್ಧವಾಗಿ ನಿಂತಿತ್ತು! ಎರಡೂ ಪಕ್ಕ ಬಾಳೆಕಂದು, ಮಾವಿನ ತೋರಣ, ಗಾಜಿನ ಮೇಲೆ ಸೇವಂತಿಗೆ ಹಾರ, ಒಂದೊಂದು ಚಕ್ರದ ಕೆಳಗೂ ನಿಂಬೆಹಣ್ಣು. ಪಕ್ಕದಲ್ಲಿ ಇಸ್ತ್ರಿ ಶರ್ಟಿನ ಶೀನಣ್ಣ, ಮದುವೆ ಗಂಡಿನಂತೆ. ನಮಗೋ ಅದು ಲೆಂಟ್, ಉಪವಾಸದ ಕಾಲ, ಚರ್ಚಿನೊಳಗೇ ಒಂದು ಹೂವನ್ನೂ ಇಡುವುದಿಲ್ಲ. ಅಮ್ಮ ತಲೆ ಮೇಲೆ ಕೈಯಿಟ್ಟುಕೊಂಡಳು. ಅಜ್ಜಿ ನಿಂಬೆಹಣ್ಣನ್ನಷ್ಟೇ ತೆಗೆಸಿ ಚಿತ್ರಾನ್ನಕ್ಕೆಂದು ಅಡುಗೆಮನೆಗೆ ಕಳಿಸಿ, ಶೀನಣ್ಣನ ಕೆನ್ನೆ ತಟ್ಟಿ, ಹತ್ತಿ ಕುಳಿತಳು.

ಚರ್ಚಿನ ಗೇಟಿನಲ್ಲಿ ಚರ್ಚ್ ಕಮಿಟಿಯ ಹಿರಿಯರಾದ ಜ್ಞಾನಮಿತ್ರಯ್ಯ ಅಡ್ಡ ನಿಂತರು. ಮೆರವಣಿಗೆಯಲ್ಲಿ ಗಾಡಿ ಬರುವ ಪದ್ಧತಿಯಿಲ್ಲ, ಅದರಲ್ಲೂ ಈ ಅಲಂಕಾರದ ಗಾಡಿ ಬೇಡವೇ ಬೇಡ, ಕರುಣಮ್ಮನವರು ಮನೆಗೆ ಹೋಗಿ ಪ್ರಾರ್ಥನೆ ಮಾಡಿಕೊಳ್ಳಲಿ ಎಂದರು. ಅಜ್ಜಿ ಆಟೋದಿಂದ ತಲೆ ಹೊರಗೆ ಹಾಕಿದಳು.

"ಸ್ವಾಮಿ ಬಂದಾವತ್ತು ಜನ ಮೈಮೇಲಿನ ಬಟ್ಟೆನೇ ದಾರಿಗೆ ಹಾಸಿದ್ರು ಅಯ್ಯಾ, ಯಾರೂ ಕಮಿಟಿ ಪರ್ಮಿಷನ್ ಕೇಳ್ಲಿಲ್ಲ. ಶೀನನ ಕೈಲಿ ಆಗಿದ್ದು ಬಾಳೆಕಂದು, ತಂದಿದಾನೆ."

ಪಕ್ಕದಲ್ಲಿದ್ದ ಪಾದ್ರಿಯವರು ನಗು ಮುಚ್ಚಲು ಕೆಮ್ಮಿದರು, ಆಮೇಲೆ ಆಟೋ ಎಲ್ಲರ ಹಿಂದೆ ಬರಲಿ ಎಂದುಬಿಟ್ಟರು.

ಮೆರವಣಿಗೆ ಹೊರಟಿತು. ಶೀನಣ್ಣ ಫಸ್ಟ್ ಗೇರಿನಲ್ಲೇ ತೆವಳಿದ. ಅಜ್ಜಿ ಗರಿ ಹೊರಗೆ ಚಾಚಿ ಬೀಸುತ್ತ, ಮುಂದಿನವರಿಗಿಂತ ಒಂದು ಸಾಲು ಮೊದಲೇ ಹಾಡುತ್ತ ಹೋದಳು. ಎರಡನೇ ತಿರುವಿಗೆ ಶೀನಣ್ಣನಿಗೂ ಹೊಸನ್ನ ಬಾಯಿಗೆ ಬಂತು, ತಾಳಕ್ಕೆ ಹಾರ್ನ್ ಕೂಡ ಸೇರಿತು. ಬಿಸಿಲೇರುವ ಹೊತ್ತಿಗೆ ನೋಡಿದರೆ, ಜ್ಞಾನಮಿತ್ರಯ್ಯ ಹೊಸ ಶೂ ಕಚ್ಚಿ, ಕುಂಟುತ್ತ ನಮ್ಮ ಪಕ್ಕಕ್ಕೇ ಬಂದುಬಿಟ್ಟಿದ್ದರು. ಅಜ್ಜಿ ಆಟೋ ನಿಲ್ಲಿಸಿದಳು. ಅವರು ಬೇಡವೆಂದರು.

"ಆವತ್ತು ಸ್ವಾಮಿ ಹತ್ತಿದ ಕತ್ತೆ ಜೊತೆ ಅದರ ಮರಿನೂ ಇತ್ತಲ್ವಾ, ಬನ್ನಿ ಹತ್ತಿ," ಎಂದು ಅಜ್ಜಿ ಸರಿದು ಕುಳಿತಳು.

ಅವರು ಆಚೀಚೆ ನೋಡಿ ಹತ್ತಿದರು. ಒಂದು ರಸ್ತೆ ತುಟಿಯಲ್ಲೇ ಗುನುಗಿದರು. ಮುಂದಿನದರಲ್ಲಿ ಅಜ್ಜಿಯನ್ನೂ ಮೀರಿಸಿ ಹಾಡಿದರು. ಚರ್ಚಿನ ಗೇಟು ಬಂದಾಗ, ಇನ್ನೊಂದು ರೌಂಡ್ ಹೋಗೋಣ ಎಂದು ಶೀನಣ್ಣನ ಹೆಗಲು ತಟ್ಟಿದವರು ಜ್ಞಾನಮಿತ್ರಯ್ಯನವರೇ. ಅಜ್ಜಿ ಆಗಲೇ ಮುಂದಿನ ಹಾಡು ಶುರು ಮಾಡಿದ್ದಳು.