ಪಕ್ಕದ ಮನೆಯ ಕಷ್ಟ

ನಲವತ್ತು ಮನೆ, ನೂರಿಪ್ಪತ್ತು ಗ್ಲಾಸು ಹಸಿರು ಚಹಾ, ಕಷ್ಟ ಮಾತ್ರ ಸೊನ್ನೆ. ಕಾಬೂಲ್ ವಿಶ್ವವಿದ್ಯಾಲಯದಲ್ಲಿ ಹತ್ತೊಂಬತ್ತು ವರ್ಷ ಸಮಾಜಶಾಸ್ತ್ರ ಕಲಿಸಿದ ಪ್ರಾಧ್ಯಾಪಕಿ, ನಮ್ಮೆಲ್ಲರ ಉಸ್ತಾದ್ ಮಹ್ತಾಬ್, ಅಥೆನ್ಸಿಗೆ ಬಂದ ಮೇಲೆ ಮಾಡಿದ ಮೊದಲ ಸಮೀಕ್ಷೆಯ ಫಲ ಇದು. ಕಾಗದದ ಚೀಲ ಹೊತ್ತು, ಒಂದಕ್ಕೆ ತಡೆದುಕೊಂಡು ಅವರ ಹಿಂದೆ ಮೆಟ್ಟಿಲು ಹತ್ತಿದವಳು ನಾನು, ಗುಲ್ಸುಮ್. ಹೆರಾತಿನಲ್ಲಿ ಗ್ರಂಥಪಾಲಕಿಯಾಗಿದ್ದವಳು.

ವಿಕ್ಟೋರಿಯಾ ಚೌಕದ ಹಿಂದೆ, ಮೂರನೇ ಮಹಡಿಯ ಒಂದು ಕೋಣೆಯಲ್ಲಿ ಉಸ್ತಾದರು ತಾವು ಕಲಿತಷ್ಟು ಗ್ರೀಕನ್ನು ನಮ್ಮ ಹೆಂಗಸರಿಗೆ ಕಲಿಸುತ್ತಾರೆ. ಕೋಣೆ ಕೊಟ್ಟ ಸಂಸ್ಥೆಯವರು ಖಡಾಖಂಡಿತವಾಗಿ ಹೇಳಿದ್ದರು: ತರಗತಿ ಯಾರಿಗೆ ಬೇಕು, ಯಾಕೆ ಬೇಕು ಎಂದು ನಲವತ್ತು ಮನೆಯಿಂದ ಶುಕ್ರವಾರದೊಳಗೆ ಬರೆದು ತನ್ನಿ, ಇಲ್ಲದಿದ್ದರೆ ಬೀಗ. ಪಟ್ಟಿಯಲ್ಲಿ ಇದ್ದದ್ದೇ ನಲವತ್ತು ಮನೆ, ಉಸ್ತಾದರ ಮನೆಯೂ ಸೇರಿ.

ಆದರೆ ಮನೆಗೆ ಬಂದ ಅತಿಥಿಯ ಮುಂದೆ ಕಷ್ಟ ತೋಡಿಕೊಳ್ಳುವುದು ನಮ್ಮಲ್ಲಿ ಅವರನ್ನು ಎಬ್ಬಿಸಿ ಕಳಿಸಿದ ಹಾಗೆ. ಬುಧವಾರ ಖಾಲಾ ಕಿಶ್ವರಳ ಮನೆಗೆ ಎರಡನೇ ಸಲ ಹೋದೆವು. ಅರವತ್ತು ದಾಟಿದ ಹೆಂಗಸು, ಎಲ್ಲರಿಗೂ ಖಾಲಾ, ಅಂದರೆ ಚಿಕ್ಕಮ್ಮ; ಉಸ್ತಾದರ ಪಕ್ಕದ ಮನೆಯವಳು.

"ಖಾಲಾ, ಗ್ರೀಕ್ ಬರದೆ ಏನಾದ್ರೂ ತೊಂದರೆ ಆಗಿದ್ಯಾ?" ಉಸ್ತಾದರು ಬೇಡಿಕೊಂಡರು.

"ನೀವು ಬಂದ್ರಲ್ಲ ಉಸ್ತಾದ್, ಇನ್ನೆಲ್ಲಿ ತೊಂದರೆ! ದೇವರು ಚೆನ್ನಾಗಿಟ್ಟಿದಾನೆ. ಬೊಲಾನಿ ತಗೊಳ್ಳಿ, ಬಿಸಿ ಇದೆ."

"ಡಾಕ್ಟರ್ ಹತ್ರ ಹೋದಾಗ?"

"ಡಾಕ್ಟರೂ ಚೆನ್ನಾಗಿದಾರೆ."

ನನಗೆ ಮೈಯೆಲ್ಲ ಉರಿಯಿತು. ಆಲೂಗಡ್ಡೆ ತುಂಬಿದ ಆ ಬೊಲಾನಿ ರೊಟ್ಟಿ ಮಾತ್ರ ಎರಡು ತಿಂದೆ, ಅಷ್ಟು ರುಚಿಯಾಗಿತ್ತು.

ನಮ್ಮವರ ನಿಜವಾದ ಮಾತು ಶುರುವಾಗುವುದು ಹೊಸ್ತಿಲ ಹತ್ತಿರ, ಹೊರಡುವಾಗ. ಉಸ್ತಾದರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದರು. ಖಾಲಾ ದನಿ ಇಳಿಸಿದಳು. "ನನ್ನದು ಬಿಡಿ. ಮೇಲಿನ ಮನೆ ತೂರ್ಪೇಕೈ ಇದಾಳಲ್ಲ, ಪಾಪ. ಬಸ್ಸಲ್ಲಿ ಇಳೀಬೇಕು ಅಂತ ಹೇಳಕ್ಕೆ ಬರದೆ, ಮಾರುಕಟ್ಟೆಗೆ ಹೋದವಳು ಸಮುದ್ರ ನೋಡ್ಕೊಂಡು ಬಂದಳು! ಮೂರು ಸಲ!"

ನಾವು ಅದೇ ಕಾಲಲ್ಲಿ ತೂರ್ಪೇಕೈ ಮನೆಗೆ ಓಡಿದೆವು. ಈ ಸಲ ಅವಳ ಕಷ್ಟ ಕೇಳಲೇ ಇಲ್ಲ. "ಕಿಶ್ವರ್ ಹೇಗಿದಾಳೆ?" ಅಂದೆ, ಅಷ್ಟೇ.

"ಅಯ್ಯೋ, ಅವಳ ಗೋಳು ಕೇಳ್ಬೇಡಿ! ಔಷಧಿ ಅಂಗಡಿಯಿಂದ ಪೇಸ್ಟ್ ಅಂತ ಮಂಡಿನೋವಿನ ಮುಲಾಮು ತಂದು ಒಂದು ವಾರ ಹಲ್ಲುಜ್ಜಿದಾಳೆ!"

ಉಸ್ತಾದರು ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹತ್ತೊಂಬತ್ತು ವರ್ಷ ಸಂಶೋಧನಾ ವಿಧಾನ ಪಾಠ ಮಾಡಿದೀನಿ ಗುಲ್ಸುಮ್ ಜಾನ್! ಕಾಬೂಲಲ್ಲಿ ಹುಟ್ಟಿದವಳಿಗೆ ಇದು ಹೊಳೀಲಿಲ್ವಲ್ಲ!"

ಪ್ರಶ್ನೆಯನ್ನು ಅಲ್ಲೇ ತಿದ್ದಿದೆವು: ನಿಮ್ಮ ಪಕ್ಕದ ಮನೆಯವರ ಕಷ್ಟವೇನು? ಅಬ್ಬಬ್ಬಾ, ಅಣೆಕಟ್ಟು ಒಡೆಯಿತು! ನಾವು ಬಾಗಿಲು ತಟ್ಟುವ ಮೊದಲೇ ಹೆಂಗಸರು ಮಹಡಿಯಿಂದ ಮಹಡಿಗೆ ಕೂಗಿ ಒಬ್ಬರ ಕಷ್ಟ ಇನ್ನೊಬ್ಬರು ಬರೆಸಿದರು. ಕಾಗದ ಸಾಲದೆ ಕೆಲವನ್ನು ಬ್ರೆಡ್ಡಿನ ಪೊಟ್ಟಣದ ಮೇಲೆ ಬರೆದುಕೊಂಡೆ. ಇಷ್ಟು ಕಷ್ಟ ಕೇಳಿ ಇಷ್ಟು ಖುಷಿಪಟ್ಟವರು ಊರಲ್ಲಿ ಬೇರೆ ಯಾರೂ ಇರಲಾರರು.

ಗುರುವಾರ ಸಂಜೆ ಉಸ್ತಾದರು ಒಂದೊಂದೇ ಹಾಳೆಯನ್ನು ಗಟ್ಟಿಯಾಗಿ ಓದುತ್ತಾ, ನಗುತ್ತಾ ಜೋಡಿಸಿದರು. ನಲವತ್ತನೆಯದನ್ನು ನಾನು ಬೇಕೆಂದೇ ಅಡಿಯಲ್ಲಿಟ್ಟಿದ್ದೆ. ಖಾಲಾ ಕಿಶ್ವರ್ ತನ್ನ ಪಕ್ಕದ ಮನೆಯವರ ಬಗ್ಗೆ ಬರೆಸಿದ್ದು.

"ತರಗತಿ ಇರುವ ದಿನ ನಗುತ್ತಾರೆ. ಭಾನುವಾರ ತರಗತಿ ಇಲ್ಲ. ಬಾಲ್ಕನಿಯಲ್ಲಿ ಕೂತು ಎರಡು ಗ್ಲಾಸಿಗೆ ಚಹಾ ಸುರಿಯುತ್ತಾರೆ. ಒಂದನ್ನು ಕುಡಿಯುತ್ತಾರೆ. ಇನ್ನೊಂದು ಆರಿದ ಮೇಲೆ ಹೂವಿನ ಕುಂಡಕ್ಕೆ ಚೆಲ್ಲುತ್ತಾರೆ."

ಆ ಇನ್ನೊಂದು ಗ್ಲಾಸು ಕಾಬೂಲಿನಲ್ಲೇ ಉಳಿದ ಅವರ ತಂಗಿಯದೆಂದು ನನಗೆ ಗೊತ್ತಿತ್ತು. ಉಸ್ತಾದರ ನಗು ನಿಂತಿತು. ಹಾಳೆಯನ್ನು ಮಗುಚಿಟ್ಟರು.

"ಇದನ್ನ ತೆಗೆದುಬಿಡು ಗುಲ್ಸುಮ್. ನನಗೇನು ಕಷ್ಟ? ದೇವರು ಚೆನ್ನಾಗಿಟ್ಟಿದಾನೆ."

"ನೀವೂ ಶುರು ಮಾಡಿದ್ರಾ ಉಸ್ತಾದ್!" ನನಗೆ ಸಿಟ್ಟೇ ಬಂತು. "ಇದನ್ನ ತೆಗೆದ್ರೆ ಮೂವತ್ತೊಂಬತ್ತು. ಆಮೇಲೆ ಬೀಗ ಹಾಕಿದ ಬಾಗಿಲ ಮುಂದೆ ಕೂತು ಪಾಠ ಮಾಡಿ."

ಉಸ್ತಾದರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಆಮೇಲೆ ಹಾಳೆಯನ್ನು ತಿರುಗಿಸಿ ತಾವೇ ಸಂಖ್ಯೆ ಹಾಕಿದರು: ನಲವತ್ತು.

ಕೋಣೆ ಉಳಿಯಿತು. ಆ ಭಾನುವಾರ ನಾನು ಸುದ್ದಿ ಹೇಳಲು ಖಾಲಾಳ ಮನೆಗೆ ಹೋದರೆ, ಅವಳು ನನ್ನ ಕೈ ಹಿಡಿದು ಎಳೆದುಕೊಂಡು, ಕರೆಯದೆಯೇ ಉಸ್ತಾದರ ಬಾಲ್ಕನಿಗೆ ನುಗ್ಗಿದಳು. ಎರಡನೇ ಗ್ಲಾಸು ಅಲ್ಲೇ ಇತ್ತು, ಇನ್ನೂ ಹಬೆಯಾಡುತ್ತಿತ್ತು. ಖಾಲಾ ಅದರ ಮುಂದೆ ಕೂತು, ಎತ್ತಿ ಒಂದು ಗುಟುಕು ಕುಡಿದು, ಮುಖ ಕಿವುಚಿದಳು.

"ಏಲಕ್ಕಿ ಸಾಲದು ಉಸ್ತಾದ್."

ನಲವತ್ತು ಮನೆಗಳಲ್ಲಿ ಒಬ್ಬರು ಇನ್ನೊಬ್ಬರ ಮುಖಕ್ಕೇ ಹೇಳಿದ ಮೊದಲ ದೂರು ಅದು. ನನಗಂತೂ ಅಳು ಬಂತು. ಉಸ್ತಾದರು ಏಲಕ್ಕಿ ಡಬ್ಬಿ ತರಲು ಓಡಿದರು.