ಅರ್ಧಣ್ಣ ನೋಡದ ಅರ್ಧ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಕಿ ಮೈದಾನದ ಹಿಂದಿನ ಓಣಿಯ ಪುಟ್ಟ ಅಂಗಡಿಯಲ್ಲಿ, ಸ್ಟೌವಿನ ಮೇಲೆ ಮರದ ಅಂಟು ಕಾಯುತ್ತಿದೆ. ಐವತ್ತು ದಾಟಿದ ಹೆಣ್ಣುಮಗಳೊಬ್ಬಳು ಗಿಡ್ಡ ಮಣೆಯ ಮೇಲೆ ಕಾಲು ಚಾಚಿ ಕುಳಿತಿದ್ದಾಳೆ. ಊರುಗೋಲು ಗೋಡೆಗೆ ಒರಗಿದೆ. ತೊಡೆಯ ಮೇಲೆ ಸೀಳಿದ ಹಾಕಿ ಕೋಲು. ಸೀಳಿಗೆ ಅಂಟು ಕುಡಿಸಿ, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಸಿರು ಬಿಗಿಹಿಡಿದು ಸುತ್ತಬೇಕು. ದಾರ ಕಚ್ಚಿದವಳ ಕೈ ಹಾಗೇ ನಿಲ್ಲುತ್ತದೆ. ಆಮೇಲೆ ದಾರ ಉಗುಳುತ್ತಾಳೆ.

"ಅಂಟು ಕಾಯೋವಾಗ ಮಾತಾಡಬಾರದು, ಮಾತಾಡಿದ್ರೆ ಹಿಡಿಯಲ್ಲ ಅಂತ ಅಪ್ಪ ಹೇಳ್ತಿದ್ರು. ಮಾಮ, ಅದೂ ಸುಳ್ಳಾ?"

ಕೇಳಿದ್ದು ನನ್ನನ್ನು. ಇವಳ ಅಪ್ಪ ನನ್ನ ಅಕ್ಕನ ಗಂಡ. ತೊಂಬತ್ತರ ಹೊಸ್ತಿಲು ಮುಟ್ಟಿ, ಯಾರ ಕೈಯಲ್ಲೂ ಒಂದು ಲೋಟ ನೀರು ತರಿಸಿಕೊಳ್ಳದೆ, ಹೋದ ತಿಂಗಳು ದೇವರ ಪಾದ ಸೇರಿದರು. ತುಂಬು ಬಾಳು, ಅಳಬಾರದು ಎನ್ನುತ್ತಾರೆ ಜನ. ತುಂಬಿದ್ದು ಬರಿದಾದರೆ ಇನ್ನಷ್ಟು ಅಳು ಬರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ.

ಭಾವನವರು ಬದುಕಿಡೀ ಮಾಡಿದ್ದು ಇದೊಂದೇ ಕೆಲಸ, ಮುರಿದ ಹಾಕಿ ಕೋಲನ್ನು ಕೂಡಿಸುವುದು. ಆ ಚಟ ಮನೆಗೂ ಬಂದಿತ್ತು. ಸೌಟಿನ ಹಿಡಿ, ಛತ್ರಿಯ ಕಾವು, ಮಗಳ ಊರುಗೋಲು, ಎಲ್ಲಕ್ಕೂ ಕೋಲಿಗೆ ಸುತ್ತುವ ಪಟ್ಟಿಯೇ. "ನಾನೇನಾದ್ರೂ ಸುಮ್ನೆ ಕೂತಿದ್ದಿದ್ರೆ ನನಗೂ ಸುತ್ತಿಬಿಡ್ತಿದ್ರು," ಎನ್ನುತ್ತಾಳೆ ಅಕ್ಕ.

ಅಕ್ಕ ಸುಮ್ಮನೆ ಕೂತವಳಲ್ಲ. ನೂಲಿನ ಮಿಲ್ಲಿನಲ್ಲಿ ಆಗ ಅವಳಿಗೆ ಸಂಜೆಯ ಪಾಳಿ. ಮಗಳಿಗೆ ಎಳವೆಯಲ್ಲೇ ಕಾಲು ಸೋತಿತ್ತು, ಒಂಟಿಯಾಗಿ ಬಿಡುವಂತಿರಲಿಲ್ಲ. ಆಟ ನೋಡಲು ಮೈದಾನಕ್ಕೆ ಹೋದ ಗಂಡ ಒಳಗೆ ಕಾಲಿಟ್ಟ ಮೇಲೆಯೇ ಹೆಂಡತಿ ಹೊರಗೆ. "ಅವರಿಂದಾಗಿ ನಾನು ಒಂದು ದಿನಾನೂ ಮಿಲ್ಲಿನ ಗೇಟಿಗೆ ತಡವಾಗಿ ಹೋಗಿಲ್ಲ. ಆಟ ಮುಗೀತಾ ಅಂದ್ರೆ, ಹೂಂ ಮುಗೀತು, ನೀನು ಹೊರಡು ಅನ್ನೋರು."

ಅವಳು ಹೋದ ಮೇಲೆ ಅಡುಗೆಮನೆಯ ನೆಲವೇ ಮೈದಾನ. ಈರುಳ್ಳಿ ಚೆಂಡು, ತಿರುಗಿಸಿ ಹಿಡಿದ ಸೌಟು ಕೋಲು, ನೀರಿನ ಕೊಡ ಗೋಲು. ಮಗಳ ಕಾಲಿಗೆ ಎಣ್ಣೆ ತಿಕ್ಕುತ್ತ ತಿಕ್ಕುತ್ತ ಭಾವನವರು ಆ ದಿನದ ಆಟವನ್ನು ಮೊದಲಿನಿಂದ ಕೊನೆಯವರೆಗೆ ಆಡಿ ತೋರಿಸುತ್ತಿದ್ದರು. ನಡುನಡುವೆ ಎದ್ದು ಓಡುತ್ತಿದ್ದರು. ಕೊನೆಗೆ ಗೆಲುವು ನಮ್ಮದೇ.

ಭಾವನವರು ತೀರಿಹೋದ ಮರುದಿನ ಮೈದಾನದ ಮುದುಕರು ಮನೆಗೆ ಬಂದಾಗ ಗೊಂದಲ ಶುರುವಾಯಿತು. ಅವರಲ್ಲಿ, ಒಂದು ಕಾಲಕ್ಕೆ ನಮ್ಮೂರ ತಂಡದ ಗೋಲು ಕಾಯುತ್ತಿದ್ದ ಒಬ್ಬರು ಬಾಗಿಲಲ್ಲೇ ನಿಂತು, "ನಮ್ಮ ಅರ್ಧಣ್ಣ ಪೂರ್ತಿ ಹೊರಟೇಬಿಟ್ಟನಲ್ಲ!" ಎಂದು ಅತ್ತರು. ಮನೆಯವರು ಮುಖ ಮುಖ ನೋಡಿಕೊಂಡೆವು. ಅರ್ಧಣ್ಣ ಯಾರು?

"ಅವನೇ ಕಣಮ್ಮ. ಅರ್ಧ ಆಟ ಆಗಿ ಶಿಳ್ಳೆ ಊದಿದ್ರೆ ಸಾಕು, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಓಟ. ಸೋಲು ನೋಡೋಕಾಗಲ್ಲ ಅವನಿಗೆ ಅಂತ ಆಡ್ಕೊಂಡು ನಗ್ತಿದ್ವಿ."

ಮಗಳಿಗೆ ಅರ್ಥವಾಗಲಿಲ್ಲ. ಸಮಾಧಾನ ಹೇಳುವವಳಂತೆ, "ನೀವು ಬಂದರಿನ ತಂಡದ ಪೆನಾಲ್ಟಿ ತಡೆದು ಕಪ್ ಗೆದ್ದು ಕೊಟ್ಟಿದ್ದನ್ನ ಅಪ್ಪ ಎಷ್ಟು ಸಲ ಹೇಳಿದ್ದಾರೆ," ಎಂದಳು.

ಆ ಮುದುಕರ ಅಳು ನಿಂತಿತು. "ತಡೆದ್ನಾ? ಅದು ಗೋಲಾಯ್ತಲ್ಲಮ್ಮ. ಅದರಿಂದಲೇ ಕಪ್ ಹೋಯ್ತು."

ಅಂದಿನಿಂದ ಅವಳು ದಾರ ಕಚ್ಚುತ್ತಾಳೆ, ಉಗುಳುತ್ತಾಳೆ. ರಿಪೇರಿಗೆ ಬಂದ ಕೋಲುಗಳು ಮೂಲೆಯಲ್ಲಿ ಸೌದೆಯಂತೆ ಬಿದ್ದಿವೆ. "ಅಪ್ಪ ಹೇಳಿದ್ರಲ್ಲಿ ಯಾವುದು ನಿಜ, ಯಾವುದು ಸುಳ್ಳು? ಎಲ್ಲಿ ಗೆರೆ ಎಳೀಲಿ ಮಾಮ?" ಹುಷಾರಾಗ್ತೀಯ, ನಡೀತೀಯ ಅಂದದ್ದೂ ಅವರೇ, ಅವಳು ನಡೆದಳು. ನನಗೆ ತೋಚುವುದು ಇಷ್ಟೇ. ಅಕ್ಕನ ಪಾಳಿಗಾಗಿ ಅರ್ಧದಲ್ಲೇ ಓಡಿ ಬಂದು ಸಂಜೆ ಮಗಳಿಗೆ ಗೆಲುವು ಕೊಟ್ಟವರಿಗೆ, ಮರುದಿನ ಬೆಳಿಗ್ಗೆ ಮುರಿದ ಕೋಲು ತಂದವರ ಬಾಯಿಂದ ಸೋಲು ತಿಳಿಯುತ್ತಿತ್ತು. ಅಂಟು ಕಾಯುವಾಗಿನ ಮೌನ ಅದಕ್ಕೇ ಇದ್ದೀತೇ? ಅಥವಾ ಮಾತಾಡಿದರೆ ಅಂಟು ನಿಜವಾಗಿಯೂ ಹಿಡಿಯುವುದಿಲ್ಲವೋ? ಕೇಳೋಣವೆಂದರೆ ಹೇಳುವವರು ಇಲ್ಲ. ಪ್ರಾರ್ಥನೆಗೆ ಕೂತಾಗಲೂ ಇದೇ ತಲೆಯಲ್ಲಿ ಸುತ್ತುತ್ತದೆ.

ಅಷ್ಟರಲ್ಲಿ ಅಂಗಡಿಯ ಬಾಗಿಲಿಗೆ ನೆರಳು ಬೀಳುತ್ತದೆ. ಗೋಲು ಕಾಯುತ್ತಿದ್ದ ಅದೇ ಮುದುಕರು. ಕೈಯಲ್ಲಿ ಕೋಲೂ ಇಲ್ಲ, ಕೆಲಸವೂ ಇಲ್ಲ. ಹೊಸ್ತಿಲ ಮೇಲೆಯೇ ಕುಸಿದು ಕೂರುತ್ತಾರೆ.

"ನಿದ್ದೆ ಬರ್ತಿಲ್ಲ ಕಣಮ್ಮ. ಆ ಪೆನಾಲ್ಟಿ... ನಿಮ್ಮಪ್ಪ ಹೇಗೆ ಹೇಳಿದ್ದ? ಒಂದ್ಸಲ ಹೇಳ್ತೀಯಾ?"

"ಅದು ಸುಳ್ಳಲ್ವಾ ದೊಡ್ಡಪ್ಪ?"

"ಸುಳ್ಳೇ. ನನಗೆ ಗೊತ್ತಿಲ್ವಾ? ಹೇಳು."

ಅವಳು ನನ್ನ ಮುಖ ನೋಡುತ್ತಾಳೆ. ಬುತ್ತಿಯ ಚೀಲದಿಂದ ಈರುಳ್ಳಿ ತೆಗೆದು ನೆಲದ ಮೇಲಿಡುತ್ತಾಳೆ. "ಬಂದರಿನವನು ಒಂದು ಹೆಜ್ಜೆ ಮುಂದಿಟ್ಟ. ನೀವು ಕದಲಲಿಲ್ಲ. ಅವನ ಕಣ್ಣು ನೋಡ್ತಾನೇ ಇದ್ರಿ. ಹೊಡೆದ. ಆಗ ನೀವು ಎಡಗಡೆಗೆ ಹಾರಿದ್ರಿ."

"ಎಡಗಡೆಗಾ?"

"ಎಡಗಡೆಗೆ. ಅಪ್ಪ ಯಾವಾಗಲೂ ಹಾಗೇ ಹೇಳ್ತಿದ್ದಿದ್ದು."

ಮುದುಕರು ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. "ನಾನು ಬಲಗಡೆಗೆ ಹಾರಿದ್ದೆ. ಚೆಂಡು ಬಂದಿದ್ದು ಎಡಗಡೆಗೆ." ಎಡಗೈ ಚಾಚಿ ನೋಡಿ, "ಅವನು ಆ ಹೊತ್ತಿಗೆ ಅಲ್ಲಿರಲೇ ಇಲ್ಲವಲ್ಲ," ಎನ್ನುತ್ತಾರೆ.

ಯಾರೂ ಮಾತಾಡುವುದಿಲ್ಲ. ಅಂಟು ಕೊತಕೊತ ಎನ್ನುತ್ತದೆ. ಅವಳು ಸೀಳಿಗೆ ಅಂಟು ಕುಡಿಸಿ ದಾರದ ತುದಿಯನ್ನು ಕಚ್ಚುತ್ತಾಳೆ, ಒಂದು ಸುತ್ತು ಎಳೆಯುತ್ತಾಳೆ, ಇನ್ನೊಂದು. ಸೀಳು ಮುಚ್ಚಿಕೊಳ್ಳುತ್ತ ಹೋಗುತ್ತದೆ.

ಗಂಟು ಬಿದ್ದ ಮೇಲೆ ಮುದುಕರು ಮೆಲ್ಲಗೆ ಕೇಳುತ್ತಾರೆ. "ಆಮೇಲೆ?"

"ಆಮೇಲೇನು ದೊಡ್ಡಪ್ಪ? ಗೆದ್ವಿ."